ಯಾವ ದಾವೆ ಯಾವ ಕೋರ್ಟಿಗೆ? – ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜಿಲ್ಲೆಯ ಕೋರ್ಟುಗಳ ವ್ಯಾಪ್ತಿಗೆ ಸಂಬಂಧಿಸಿದವು. ಆಯ್ದ ಕೆಲವಕ್ಕೆ ನಮ್ಮ ಕಾನೂನು ಬಳಗ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅಡಿಕೆ ತೋಟ, ಗದ್ದೆ, ಮನೆ ಎಲ್ಲವೂ ಅಣ್ಣನ ಕೈಯಲ್ಲಿದೆ. ಪಾಲು ಕೇಳಿದರೆ ಮಾತು ಮರೆಸುತ್ತಾನೆ. ಆಸ್ತಿಯ ಬೆಲೆ ಕೋಟಿ ದಾಟುವುದರಿಂದ ಶಿವಮೊಗ್ಗದ ಜಿಲ್ಲಾ ಕೋರ್ಟಿಗೇ ಹೋಗಬೇಕು ಅನ್ನುತ್ತಾರೆ. ನಿಜವೇ?
– ಸಾಗರ ತಾಲೂಕಿನ ಓದುಗರು

ಉತ್ತರ: ನಿಜವಲ್ಲ. ಸ್ಥಿರಾಸ್ತಿಯ ದಾವೆಯನ್ನು ಆಸ್ತಿ ಇರುವ ಕಡೆಯೇ ಹಾಕಬೇಕು, ಅದೂ ಅಧಿಕಾರವಿರುವ ಕೋರ್ಟುಗಳಲ್ಲಿ ತೀರಾ ಕೆಳಗಿನದರಲ್ಲಿ. 1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಕಾಯ್ದೆಯಂತೆ ಜಿಲ್ಲೆಯಲ್ಲಿ ಮೂರು ಮೆಟ್ಟಿಲುಗಳಿವೆ. ಕೆಳಗೆ ಸಿವಿಲ್ ನ್ಯಾಯಾಧೀಶರು (ಹಳಬರ ಬಾಯಲ್ಲಿ ಇಂದಿಗೂ ‘ಮುನ್ಸಿಫ್ ಕೋರ್ಟು’), ಅವರ ಮೇಲೆ ಹಿರಿಯ ಸಿವಿಲ್ ನ್ಯಾಯಾಧೀಶರು, ಎಲ್ಲರ ಮೇಲೆ ಜಿಲ್ಲಾ ನ್ಯಾಯಾಧೀಶರು. ಸಿವಿಲ್ ನ್ಯಾಯಾಧೀಶರು ನಡೆಸಬಹುದಾದ ದಾವೆಗೆ ಹಣದ ಮಿತಿ ಇದೆ, ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಇಲ್ಲ. ನಿಮ್ಮಂಥ ಪ್ರಕರಣ ಜಿಲ್ಲಾ ನ್ಯಾಯಾಲಯಕ್ಕೆ ಹೋಗುವುದಾದರೆ ಮೇಲ್ಮನವಿಯಾಗಿ ಮಾತ್ರ.

ಇನ್ನು ಕೋಟಿಯ ಮಾತು. ಕಂದಾಯ ಕಟ್ಟುವ ಕೃಷಿ ಜಮೀನಿನ ಬೆಲೆಯನ್ನು ಕೋರ್ಟು ಪೇಟೆ ದರದಲ್ಲಿ ನೋಡುವುದಿಲ್ಲ. ಕೋರ್ಟು ಶುಲ್ಕದ ಕಾಯ್ದೆ ಅದನ್ನು ವಾರ್ಷಿಕ ಕಂದಾಯದ 25 ಪಟ್ಟು ಎಂದು ಹಿಡಿಯುತ್ತದೆ. ಪಹಣಿಯಲ್ಲಿ ಕಂದಾಯ 40 ರೂಪಾಯಿ ಇದ್ದರೆ ದಾವೆಯ ಲೆಕ್ಕಕ್ಕೆ ಆ ಜಮೀನಿನ ಬೆಲೆ 1,000 ರೂಪಾಯಿ! ಮನೆ, ಭೂಪರಿವರ್ತನೆಯಾದ ನಿವೇಶನಗಳಿಗೆ ಮಾತ್ರ ಮಾರುಕಟ್ಟೆ ಬೆಲೆ. ಎರಡನ್ನೂ ಕೂಡಿಸಿದ ಮೇಲೆ ಯಾವ ಕೋರ್ಟು ಎಂಬುದು ತೀರ್ಮಾನವಾಗುತ್ತದೆ. ಲೆಕ್ಕ ತಪ್ಪಿ ಬೇರೆ ಕೋರ್ಟಿಗೆ ಹಾಕಿದರೆ ದಾವೆ ವಜಾ ಆಗುವುದಿಲ್ಲ, ಸರಿಯಾದ ಕೋರ್ಟಿಗೆ ಹಾಕಿಕೊಳ್ಳಿ ಎಂದು ವಾದಪತ್ರ ವಾಪಸು ಬರುತ್ತದೆ. ಅಷ್ಟರಲ್ಲಿ ತಿಂಗಳುಗಳು ಉರುಳಿರುತ್ತವೆ.

ಪಾಲಿನ ದಾವೆ ಹೆಚ್ಚಾಗಿ ಕೆಡುವುದು ಎರಡು ಕಾರಣಕ್ಕೆ. ಒಂದು, ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಪಕ್ಷಗಾರರಾಗಿ ಸೇರಿಸದಿರುವುದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿದೆ. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಇನ್ನೊಂದು, ಕುಟುಂಬದ ಯಾವುದಾದರೂ ಸರ್ವೆ ನಂಬರನ್ನು ಬಿಟ್ಟು ದಾವೆ ಹಾಕುವುದು. ವಂಶವೃಕ್ಷ, ಎಲ್ಲ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ಋಣಭಾರ ಪತ್ರ – ಇಷ್ಟು ಕೈಗೆ ಬಂದ ಮೇಲೆಯೇ ವಕೀಲರ ಬಳಿ ಹೋಗಿ.

ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಅಂದರೆ ಕೋರ್ಟಿನ ಮೊದಲ ಹಂತದ ತೀರ್ಮಾನ. ಯಾರಿಗೆ ಎಷ್ಟನೇ ಒಂದು ಪಾಲು ಎಂಬುದಷ್ಟೇ ಅದರಲ್ಲಿರುತ್ತದೆ. ಕಂದಾಯದ ಜಮೀನನ್ನು ಸ್ಥಳದಲ್ಲಿ ಅಳೆದು ಒಡೆಯುವ ಕೆಲಸ ಜಿಲ್ಲಾಧಿಕಾರಿಯ ಮೂಲಕ ಕಂದಾಯ ಮತ್ತು ಸರ್ವೆಯವರದು. ‘ಕೇಸು ಗೆದ್ದೂ ತೋಟ ಸಿಗಲಿಲ್ಲ’ ಎನ್ನುವವರಲ್ಲಿ ಬಹಳ ಮಂದಿ ಈ ಎರಡನೇ ಹಂತಕ್ಕೆ ಅರ್ಜಿಯನ್ನೇ ಹಾಕಿರುವುದಿಲ್ಲ.

ಪ್ರಶ್ನೆ: ನಮ್ಮ ತೋಟಕ್ಕೆ ಪಕ್ಕದವರ ಜಾಗದಲ್ಲಿ ಹಾದುಹೋಗುವ ದಾರಿಗೆ ಬೇಲಿ ಹಾಕಿದ್ದಾರೆ. ಕೊಯ್ಲು ಹತ್ತಿರ ಬಂತು. ತಹಶೀಲ್ದಾರರೋ, ಪೊಲೀಸರೋ, ಕೋರ್ಟೋ?
– ತೀರ್ಥಹಳ್ಳಿ ತಾಲೂಕಿನ ಓದುಗರು

ಉತ್ತರ: ಮೊದಲು ಗ್ರಾಮನಕ್ಷೆ ತೆಗೆಸಿ ನೋಡಿ. ದಾರಿ ನಕ್ಷೆಯಲ್ಲಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ನಕ್ಷೆಯಲ್ಲಿಲ್ಲದ ಖಾಸಗಿ ದಾರಿಯಾದರೆ ಸಿವಿಲ್ ಕೋರ್ಟು. ಹೊಡೆದಾಟವಾಗುವ ಹಾಗಿದ್ದರೆ ಮಾತ್ರ ಪೊಲೀಸರು. ದಾರಿಯ ಹಕ್ಕು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ.

ರೂಢಿಯ ಹಕ್ಕು ಹುಟ್ಟಬೇಕಾದರೆ 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ಹಕ್ಕೆಂದು ಓಡಾಡಿರಬೇಕು, ಮತ್ತು ಆ 20 ವರ್ಷ ಮುಗಿದದ್ದು ದಾವೆ ಹಾಕುವುದಕ್ಕೆ ಹಿಂದಿನ 2 ವರ್ಷದೊಳಗಾಗಿರಬೇಕು. ಬೇಲಿ ಹಾಕಿಸಿಕೊಂಡು ‘ಊರವರು ಕೂತು ಮಾತಾಡೋಣ’ ಎಂದು ಮೂರು ವರ್ಷ ಕಳೆದವರು ಇಲ್ಲೇ ಸೋಲುತ್ತಾರೆ. ‘ಹಕ್ಕೆಂದು’ ಎಂಬ ಮಾತಿಗೂ ತೂಕವಿದೆ. ಪಾಟೀಸವಾಲಿನಲ್ಲಿ ಎದುರಿನ ವಕೀಲರು ಮೆತ್ತಗೆ, “ಅವರನ್ನು ಕೇಳಿಯೇ ಹೋಗುತ್ತಿದ್ದಿರಿ, ಅಲ್ಲವೇ?” ಅನ್ನುತ್ತಾರೆ. ನೆರೆಹೊರೆಯ ಸೌಜನ್ಯಕ್ಕೆ ಸಾಕ್ಷಿ “ಹೌದು ಸ್ವಾಮಿ, ಕೇಳದೇ ಹೋಗ್ತೀವಾ” ಎಂದರೆ ಮುಗಿಯಿತು. ಅನುಮತಿ ಪಡೆದು ನಡೆದ ದಾರಿಗೆ ರೂಢಿಯ ಹಕ್ಕು ಹುಟ್ಟುವುದಿಲ್ಲ.

ವಾದಪತ್ರದಲ್ಲಿ ದಾರಿ ಯಾವ ಸರ್ವೆ ನಂಬರಿನ ಯಾವ ಮೂಲೆಯಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆ, ಅಗಲ ಎಷ್ಟು ಅಡಿ, ಕಾಲುದಾರಿಯೋ ಗಾಡಿ ದಾರಿಯೋ ಎಂಬುದನ್ನು ಬರೆದು ಕೈನಕ್ಷೆ ಲಗತ್ತಿಸಿ. ತಲೆಹೊರೆ ಹೋಗುತ್ತಿದ್ದ ದಾರಿಗೆ ಪಿಕಪ್ ವಾಹನದ ಹಕ್ಕು ಕೇಳಿದರೆ ಇಡೀ ದಾವೆಯೇ ಸಡಿಲವಾಗುತ್ತದೆ. ಎದುರಿನವರನ್ನು ಕೇಳದೆಯೇ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿದರೆ ಅರ್ಜಿ, ಪ್ರಮಾಣಪತ್ರ, ದಾಖಲೆಗಳ ಪ್ರತಿಯನ್ನು ಅಂದೇ ಅಥವಾ ಮರುದಿನ ಅವರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು. ಕಳಿಸದಿದ್ದರೆ ಅದೇ ನೆಪದಲ್ಲಿ ಆಜ್ಞೆ ತೆರವಾದೀತು. ಅವರು ಮೊದಲೇ ಕೇವಿಯಟ್ (‘ನಮ್ಮನ್ನು ಕೇಳದೆ ಆಜ್ಞೆ ಕೊಡಬೇಡಿ’ ಎಂಬ ಅರ್ಜಿ) ಹಾಕಿದ್ದರೆ 90 ದಿನ ಅವರಿಗೆ ತಿಳಿಸದೆ ಆಜ್ಞೆ ಸಿಗದು.

ಪ್ರಶ್ನೆ: ಅಡಿಕೆ ವ್ಯಾಪಾರಿ ಕೊಟ್ಟ ಚೆಕ್ಕು ಬೌನ್ಸ್ ಆಗಿದೆ. ಅವರಿರುವುದು ಹೊರಜಿಲ್ಲೆಯಲ್ಲಿ. ಅಲ್ಲಿಗೇ ಹೋಗಿ ಕೇಸು ಹಾಕಬೇಕೇ?
– ಭದ್ರಾವತಿ ತಾಲೂಕಿನ ಓದುಗರು

ಉತ್ತರ: ಬೇಡ. 2015ರ ತಿದ್ದುಪಡಿಯ ನಂತರ, ನೀವು ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ, ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲೇ ದೂರು ಕೊಡಬಹುದು.

ಇಲ್ಲಿ ದಿನದ ಲೆಕ್ಕವೇ ಮುಖ್ಯ. ಚೆಕ್ಕು ಬೌನ್ಸ್ ಆಯಿತೆಂಬ ಬ್ಯಾಂಕಿನ ಮೆಮೊ ಜೂನ್ 3ಕ್ಕೆ ಕೈಸೇರಿತು ಅನ್ನಿ. 30 ದಿನದೊಳಗೆ, ಅಂದರೆ ಜುಲೈ 3ರೊಳಗೆ ನೋಟಿಸು ಹೊರಡಬೇಕು. ಅದು ಜುಲೈ 8ಕ್ಕೆ ತಲುಪಿದರೆ ಹಣ ಕಟ್ಟಲು 15 ದಿನ, ಜುಲೈ 23ರವರೆಗೆ. ಅದಾದ ಮೇಲೆ ಒಂದು ತಿಂಗಳು ನಿಮ್ಮದು. ಆಗಸ್ಟ್ 23ರೊಳಗೆ ದೂರು ದಾಖಲಾಗಿರಲಿ. ಅವಸರಪಟ್ಟು 15 ದಿನ ಮುಗಿಯುವ ಮೊದಲೇ ಹಾಕಿದ ದೂರೂ ನಿಲ್ಲದು. ನೋಟಿಸಿನಲ್ಲಿ ಚೆಕ್ಕಿನಲ್ಲಿರುವ ಮೊತ್ತವನ್ನೇ ಕೇಳಿ. ಬಡ್ಡಿ, ಖರ್ಚು ಬೆರೆಸಿ ಒಂದೇ ಅಂಕಿ ಬರೆದರೆ ಎದುರಿನವರಿಗೆ ವಾದ ಕಟ್ಟಿಕೊಟ್ಟಂತೆ. ಅಪರಾಧ ಸಾಬೀತಾದರೆ 2 ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ: ನಮ್ಮ ಜಮೀನಿನ ಖಾತೆಯನ್ನು ದಾಯಾದಿ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾನೆ.
– ಸೊರಬ ತಾಲೂಕಿನ ಓದುಗರು

ಉತ್ತರ: ಮ್ಯುಟೇಶನ್ ಆದೇಶದ ಮೇಲೆ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಸೊರಬದವರಿಗೆ ಅದು ಸಾಗರದಲ್ಲಿ. ಅಲ್ಲಿಂದ ಮುಂದೆ ಜಿಲ್ಲಾಧಿಕಾರಿ. ಆದರೆ ಪಹಣಿ ಹಕ್ಕುಪತ್ರವಲ್ಲ. ಮಾಲೀಕತ್ವದ ಬಗ್ಗೆಯೇ ತಕರಾರಿದ್ದರೆ ಸಿವಿಲ್ ಕೋರ್ಟಿನಲ್ಲಿ ಘೋಷಣೆಯ ದಾವೆ ಹಾಕದೆ ಕಂದಾಯ ಕಚೇರಿಗಳನ್ನು ಎಷ್ಟು ಸುತ್ತಿದರೂ ಫಲವಿಲ್ಲ.

ಪ್ರಶ್ನೆ: ಜಾಮೀನಿಗೆ ತಾಲೂಕು ಕೋರ್ಟು ಸಾಕೇ, ಶಿವಮೊಗ್ಗಕ್ಕೆ ಹೋಗಬೇಕೇ?
– ಶಿಕಾರಿಪುರದ ಓದುಗರು

ಉತ್ತರ: ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಾಮಾನ್ಯ ಪ್ರಕರಣಗಳಲ್ಲಿ ಅಲ್ಲೇ ಜಾಮೀನು ಕೇಳಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪವಿದ್ದರೆ ಸಾಮಾನ್ಯವಾಗಿ ಸೆಷನ್ಸ್ ನ್ಯಾಯಾಲಯ. ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಕೊಡುವುದು ಸೆಷನ್ಸ್ ಇಲ್ಲವೇ ಹೈಕೋರ್ಟು ಮಾತ್ರ. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು ಒಬ್ಬರೇ. ಸಿವಿಲ್ ವಿಷಯಕ್ಕೆ ಮೊದಲ ಹೆಸರು, ಕ್ರಿಮಿನಲ್‌ಗೆ ಎರಡನೆಯದು. ಶಿವಮೊಗ್ಗವಲ್ಲದೆ ಭದ್ರಾವತಿ, ಸಾಗರಗಳಲ್ಲೂ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ಪೀಠಗಳಿವೆ. ವಕೀಲರನ್ನು ಇಡಲು ಆಗದವರು 15100ಕ್ಕೆ ಕರೆ ಮಾಡಿ ಅಥವಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ.

ಪ್ರಶ್ನೆ: ನಮ್ಮ ಜಮೀನು ಅರ್ಧ ಸೊರಬ, ಅರ್ಧ ಸಿದ್ದಾಪುರ ತಾಲೂಕಿನಲ್ಲಿದೆ. ಎರಡು ದಾವೆ ಹಾಕಬೇಕೇ?

ಉತ್ತರ: ಒಂದೇ ಸಾಕು. ಆಸ್ತಿ ಎರಡು ಕೋರ್ಟುಗಳ ವ್ಯಾಪ್ತಿಯಲ್ಲಿ ಹರಡಿದ್ದರೆ ಯಾವುದರಲ್ಲಾದರೂ ಹಾಕಬಹುದು. ಆಯ್ಕೆ ಮಾಡುವಾಗ ಒಂದು ಗಮನಿಸಿ: ಪ್ರಕರಣ ಹೈಕೋರ್ಟಿಗೆ ಹೋದರೆ ಶಿವಮೊಗ್ಗ ಜಿಲ್ಲೆಯದು ಬೆಂಗಳೂರಿನ ಪ್ರಧಾನ ಪೀಠಕ್ಕೆ, ಸಿದ್ದಾಪುರ ಸೇರಿದ ಉತ್ತರ ಕನ್ನಡದ್ದು 2008ರಲ್ಲಿ ಶುರುವಾದ ಧಾರವಾಡ ಪೀಠಕ್ಕೆ. ನಿಮ್ಮ ಊರಿನಿಂದ ಧಾರವಾಡವೇ ಹತ್ತಿರ.