ರೋರರ್ ಯಾಕೆ ಸುಮ್ಮನಿದೆ?

ಸಾಗರದ ಓದುಗರೊಬ್ಬರ ಪತ್ರದ ಸಾರ ಇದು: “ಆರು ವರ್ಷಗಳಿಂದ ಹವ್ಯಾಸಕ್ಕೆ ಫೋಟೊ ತೆಗೆಯುತ್ತಿದ್ದೇನೆ. ಆಗಸ್ಟಿನಲ್ಲಿ ತೆಗೆದ ಜೋಗದ ಚಿತ್ರವನ್ನು ನಮ್ಮ ಹವ್ಯಾಸಿಗಳ ಬಳಗದಲ್ಲಿ ಹಂಚಿಕೊಂಡೆ. ಎಪ್ಪತ್ತು ಜನ ಮೆಚ್ಚಿದರು. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ, ‘ಚಿತ್ರ ಚೊಕ್ಕಟವಾಗಿದೆ. ಆದರೆ ರೋರರ್ ಯಾಕೆ ಸುಮ್ಮನಿದೆ? ನೀರು ಬೀಳ್ತಾ ಇದೆಯೋ, ಒಣಗಲಿಕ್ಕೆ ಹಾಕಿದೆಯೋ?’ ಎಂದು ಬರೆದರು. ಬೇಸರವಾಗಿ ಬಳಗವನ್ನೇ ಬಿಟ್ಟೆ. ಹೊಟ್ಟೆಪಾಡಿಗಲ್ಲ, ಖುಷಿಗೆ ಮಾಡುವ ಕೆಲಸಕ್ಕೂ ವಿಮರ್ಶೆ ಬೇಕೆ? ಪ್ರೋತ್ಸಾಹ ಸಾಲದೆ?”

ಸಂಪಾದಕರ ಉತ್ತರ:

ಪ್ರೋತ್ಸಾಹ ಬೇಕು, ಇಲ್ಲವೆಂದವರು ಯಾರು? ಮೊದಲ ಸಲ ಕ್ಯಾಮೆರಾ ಹಿಡಿದು ಮನೆ ಹಿಂದಿನ ದಾಸವಾಳ ತೆಗೆದ ಹುಡುಗಿಗೆ ಬೆನ್ನು ತಟ್ಟಲೇಬೇಕು. ತಮಗೆ ಗೊತ್ತಿರುವ ಒಂದೇ ನಿಯಮವನ್ನು ಅಡಿಕೋಲಿನಂತೆ ಹಿಡಿದು ಕಂಡವರ ಚಿತ್ರವನ್ನೆಲ್ಲ ಅಳೆಯುವ ಮಹಾನುಭಾವರೂ ಇದ್ದಾರೆ, ಅವರ ಕಾಟ ನನಗೂ ಗೊತ್ತು. ಇಷ್ಟು ನಿಮ್ಮ ಪಾಲಿಗೆ. ಇನ್ನು ಮೇಲಿನದೆಲ್ಲ ಮೇಷ್ಟ್ರ ಪಾಲಿಗೆ, ಕ್ಷಮಿಸಿ.

ನೀವು ಪತ್ರದ ಜೊತೆ ಚಿತ್ರವನ್ನೂ ಇಟ್ಟಿದ್ದು ಒಳ್ಳೆಯದಾಯಿತು. ಎರಡು ದಿನ ಅದು ನನ್ನ ಮೇಜಿನ ಮೇಲಿತ್ತು. ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ ಇಪ್ಪತ್ತು ಸೆಕೆಂಡು ಶಟರ್ ತೆರೆದಿಟ್ಟಿದ್ದೀರಿ. ನೀರು ಹಾಲಾಗಿದೆ, ಮಂಜು ಹತ್ತಿಯಾಗಿದೆ, ಬಂಡೆ ಈಗಷ್ಟೇ ಎಣ್ಣೆ ಸವರಿದಂತೆ ಮಿನುಗುತ್ತಿದೆ. ಹೊಟೇಲಿನ ರಿಸೆಪ್ಶನ್‌ನಲ್ಲಿ ನೇತುಹಾಕಬಹುದು. ಆದರೆ ಆ ನಾಲ್ಕು ಧಾರೆಗಳಿಗೆ ನಾಲ್ಕು ಹೆಸರು ಬಿದ್ದದ್ದೇ ಅವುಗಳ ನಡಿಗೆ ಬೇರೆ ಬೇರೆ ಎಂಬ ಕಾರಣಕ್ಕೆ. ರಾಜ ಎಲ್ಲೂ ಬಂಡೆ ತಾಗದೆ 830 ಅಡಿ ನೇರ ಧುಮುಕುತ್ತಾನೆ. ರಾಣಿ ಬಂಡೆಯ ಮೈಮೇಲೆ ನೊರೆ ಹಾಸಿಕೊಂಡು ಬಳುಕಿ ಇಳಿಯುತ್ತಾಳೆ. ರಾಕೆಟ್ ಚಿಮ್ಮಿ ಚಿಮ್ಮಿ ಬಾಣ ಬಿಟ್ಟಂತೆ ಬೀಳುತ್ತದೆ. ರೋರರ್ ಕೊರಕಲಿನಲ್ಲಿ ಸಿಕ್ಕಿ ಡಿಕ್ಕಿ ಹೊಡೆದುಕೊಂಡು ಅಬ್ಬರಿಸುತ್ತದೆ. ನಿಮ್ಮ ಇಪ್ಪತ್ತು ಸೆಕೆಂಡು ಈ ನಾಲ್ವರಿಗೂ ಒಂದೇ ಬಿಳಿ ಪಂಚೆ ಉಡಿಸಿ ಹಗ್ಗದ ಮೇಲೆ ಹರವಿಬಿಟ್ಟಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಈ ನಾಲ್ವರೂ ತಮ್ಮ ತಮ್ಮ ಗತ್ತಿನಲ್ಲಿ ಸಿಗುವುದೇ ಮಳೆಗಾಲದ ಕೆಲವು ವಾರ. ಸಿಕ್ಕಾಗಲೂ ಬಾಯಿ ಮುಚ್ಚಿಸಿದರೆ ಹೇಗೆ? ‘ರೋರರ್ ಯಾಕೆ ಸುಮ್ಮನಿದೆ’ ಎಂಬ ಮೂರು ಪದದಲ್ಲಿ ಮೇಷ್ಟ್ರು ಇದನ್ನೆಲ್ಲ ಹೇಳಿಬಿಟ್ಟಿದ್ದಾರೆ. ನಾನಾದರೂ ಒಂದು ಪ್ಯಾರಾ ಖರ್ಚು ಮಾಡಿದೆ.

ತಮಾಷೆ ನೋಡಿ, ಹತ್ತೊಂಬತ್ತನೇ ಶತಮಾನದ ಫೋಟೊಗ್ರಾಫರುಗಳಿಗೆ ಜಲಪಾತ ಹಾಲಿನಂತೆಯೇ ಸಿಗುತ್ತಿತ್ತು. ಫಿಲ್ಮಿನ ಜಾಗದಲ್ಲಿದ್ದ ಪ್ಲೇಟುಗಳು ಬೆಳಕು ಹಿಡಿಯುವುದು ಅಷ್ಟು ನಿಧಾನ, ಬೇರೆ ದಾರಿಯಿರಲಿಲ್ಲ. ಅದರಿಂದ ಪಾರಾಗಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ನಾವು ಸಾವಿರಾರು ರೂಪಾಯಿ ಕೊಟ್ಟು ಕಪ್ಪು ಗಾಜು ಕೊಂಡು ಅಲ್ಲಿಗೇ ವಾಪಸು ಹೋಗುತ್ತಿದ್ದೇವೆ.

ನನ್ನದೊಂದು ಕಥೆ ಕೇಳಿ. ಎಂಬತ್ತರ ದಶಕ. ಬೆಂಗಳೂರಿನ ಒಂದು ಕ್ಯಾಮೆರಾ ಕ್ಲಬ್ಬಿಗೆ ಹೊಸದಾಗಿ ಸೇರಿದ್ದೆ. ನಂದಿಬೆಟ್ಟದ ಸೂರ್ಯೋದಯವನ್ನು 12×15 ಇಂಚಿನ ಪ್ರಿಂಟ್ ಮಾಡಿಸಿ, ಮೌಂಟ್ ಹಾಕಿಸಿ, ಬಸ್ಸಿನಲ್ಲಿ ಯಾರೂ ಒರಗದಂತೆ ಎದೆಗವಚಿಕೊಂಡು ಹೋಗಿದ್ದೆ. ಒಬ್ಬ ಹಿರಿಯ ಸದಸ್ಯರು ಮಾತಾಡಲಿಲ್ಲ. ಜೇಬಿನಿಂದ ಕಪ್ಪು ರಟ್ಟಿನ ಎರಡು ತುಂಡು ತೆಗೆದರು, ಇಂಗ್ಲಿಷಿನ ಎಲ್ ಅಕ್ಷರದಂತೆ ಕತ್ತರಿಸಿದ್ದು. ಅವೆರಡನ್ನೂ ಎದುರುಬದುರು ಇಟ್ಟರೆ ಒಂದು ಚೌಕಟ್ಟಾಗುತ್ತದೆ. ಅದನ್ನು ನನ್ನ ಪ್ರಿಂಟಿನ ಮೇಲಿಟ್ಟು ನಿಧಾನವಾಗಿ ಒಳಕ್ಕೆ ಜರುಗಿಸುತ್ತ ಬಂದರು. ಮೊದಲು ಆಕಾಶ ಹೋಯಿತು. ಆಮೇಲೆ ಸೂರ್ಯನೇ ಹೋದ! ನಾನು ಬೆಳಗಿನ ಮೂರಕ್ಕೆ ಎದ್ದು ಹೋಗಿದ್ದೇ ಆ ಸೂರ್ಯನಿಗಾಗಿ. ಕೊನೆಗೆ ಎಡಮೂಲೆಯಲ್ಲಿ ಪೋಸ್ಟ್‌ಕಾರ್ಡಿನಷ್ಟು ಉಳಿಯಿತು: ಒದ್ದೆ ಬಂಡೆ, ಅದರ ಬಿರುಕಿನಲ್ಲಿ ನಾಲ್ಕೆಳೆ ಹುಲ್ಲು, ಹುಲ್ಲಿನ ಹಿಂದೆ ಹಬೆಯಂಥ ಮಂಜು. “ಇದು ನಿನ್ನದು, ಉಳಿದದ್ದು ನಂದಿಬೆಟ್ಟದ್ದು” ಎಂದು ರಟ್ಟು ಜೇಬಿಗಿಟ್ಟುಕೊಂಡರು. ಎರಡು ತಿಂಗಳು ನಾನು ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಹಾಗಾಗಿ ನಿಮ್ಮ ಮುನಿಸು ನನಗೆ ಹೊಸದಲ್ಲ.

ಆ ಕಾಲದ ಬೆಂಗಳೂರು ಇಂಥವರಿಂದ ತುಂಬಿತ್ತು. ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಲ್ಲಿ ಶುರುವಾಗಿತ್ತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಫೋಟೊಗ್ರಾಫರುಗಳು ನಮ್ಮ ನಡುವೆಯೇ ಓಡಾಡಿಕೊಂಡಿದ್ದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡಿನಲ್ಲಿ ಕ್ಯಾಮೆರಾ ಹಿಡಿದು ಕಾಯುವುದರಲ್ಲೂ ಯಾರಿಗೂ ಕಡಿಮೆಯಿರಲಿಲ್ಲ. ಒಂದು ರೋಲಿಗೆ ಮೂವತ್ತಾರೇ ಚಿತ್ರ. ಸಲೂನಿಗೆ, ಅಂದರೆ ಫೋಟೊ ಸ್ಪರ್ಧೆಯ ಪ್ರದರ್ಶನಕ್ಕೆ, ಕಳುಹಿಸಿದ ಪ್ರಿಂಟು ‘ಸ್ವೀಕೃತ’ವೋ ‘ತಿರಸ್ಕೃತ’ವೋ ಆಗಿ ವಾಪಸು ಬರಲು ತಿಂಗಳುಗಟ್ಟಲೆ ಕಾಯಬೇಕಿತ್ತು. ತಿರಸ್ಕೃತವಾದರೆ ಯಾಕೆಂದು ಕೇಳಲು ಮುಂದಿನ ಸಭೆಗೆ ಓಡುತ್ತಿದ್ದೆವು. ಈಗ ತೆಗೆದ ಮೂರನೇ ನಿಮಿಷಕ್ಕೆ ಎಪ್ಪತ್ತು ಹೆಬ್ಬೆರಳು. ಅದಕ್ಕೆ ಹೊನ್ನಶೂಲ ಎನ್ನಬಹುದಿತ್ತು, ಆದರೆ ಹೊನ್ನೆಲ್ಲಿದೆ ಅದರಲ್ಲಿ?

ಹೊಗಳಿಕೆಯನ್ನೂ ನೋಡಿ ಕಲಿಯಬೇಕು. 1933ರಲ್ಲಿ ಅಮೆರಿಕದ ನಿಸರ್ಗ ಫೋಟೊಗ್ರಾಫರ್ ಆ್ಯನ್ಸೆಲ್ ಆಡಮ್ಸ್ ತನ್ನ ಪ್ರಿಂಟುಗಳ ಪೆಟ್ಟಿಗೆ ಹಿಡಿದು ನ್ಯೂಯಾರ್ಕಿನಲ್ಲಿ ಹಿರಿಯ ಫೋಟೊಗ್ರಾಫರ್ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರ ಗ್ಯಾಲರಿಗೆ ಹೋದ. ಮುದುಕ ಮಾತಿಲ್ಲದೆ ಒಂದೊಂದೇ ಪ್ರಿಂಟ್ ನೋಡಿ ಪೆಟ್ಟಿಗೆಗೆ ಹಾಕಿದರು. ಮತ್ತೆ ಪೆಟ್ಟಿಗೆ ತೆಗೆದು ಮೊದಲಿನಿಂದ ನೋಡಿದರು. ಕೂರಲು ಇನ್ನೊಂದು ಕುರ್ಚಿಯಿಲ್ಲದೆ ಆಡಮ್ಸ್ ಅಷ್ಟು ಹೊತ್ತೂ ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಕೂತಿದ್ದ. ಮೆಚ್ಚುಗೆಯ ಮಾತು ಬಂದದ್ದು ಆಮೇಲೆ. ಪ್ರದರ್ಶನ ಕೊಟ್ಟದ್ದು ಇನ್ನೂ ಮೂರು ವರ್ಷ ಕಳೆದು, 1936ರಲ್ಲಿ. ಅದೇ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹೆರ್ನಾಂಡೆಸ್ ಎಂಬ ಹಳ್ಳಿಯ ಮೇಲೆ ಚಂದ್ರ ಹುಟ್ಟುವುದನ್ನು ತೆಗೆದ. ಜಗತ್ತೇ ಮೆಚ್ಚಿತು, ಅವನಿಗೆ ಮಾತ್ರ ಸಮಾಧಾನವಿಲ್ಲ. ದಶಕಗಟ್ಟಲೆ ಕತ್ತಲೆ ಕೋಣೆಯಲ್ಲಿ ಹೊಸ ಹೊಸ ಪ್ರಿಂಟ್ ಮಾಡಿ ಆ ಆಕಾಶವನ್ನು ಕಪ್ಪು ಮಾಡುತ್ತಲೇ ಹೋದ. ತನಗೆ ತಾನೇ ಮೇಷ್ಟ್ರಾಗಿಬಿಟ್ಟಿದ್ದ.

ಪ್ರಶ್ನೆ ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2009ರಲ್ಲಿ ಲಂಡನ್ನಿನ ದೊಡ್ಡ ವನ್ಯಜೀವಿ ಸ್ಪರ್ಧೆಯಲ್ಲಿ, ಸ್ಪೇನಿನ ಫೋಟೊಗ್ರಾಫರೊಬ್ಬ ತೆಗೆದ, ರಾತ್ರಿ ಹೊತ್ತು ಗೇಟು ಹಾರುತ್ತಿರುವ ತೋಳದ ಚಿತ್ರಕ್ಕೆ ಮೊದಲ ಬಹುಮಾನ ಬಂತು. ತೀರ್ಪುಗಾರರು ತಲೆದೂಗಿದರು. ಅನುಮಾನ ಎತ್ತಿದವರು ಸ್ಪೇನಿನ ಇತರ ಫೋಟೊಗ್ರಾಫರುಗಳು: ಕಾಡಿನ ತೋಳ ಕಂಬಿಯ ಸಂದಿಯಲ್ಲಿ ನುಸುಳುತ್ತದೆ, ಸರ್ಕಸ್ಸಿನಂತೆ ಯಾಕೆ ಹಾರೀತು? 2010ರ ಜನವರಿಯಲ್ಲಿ, ಅದು ಸಾಕಿದ ತೋಳವೇ ಇರಬೇಕೆಂದು ಬಹುಮಾನ ವಾಪಸಾಯಿತು. ನಿಮ್ಮ ಮೇಷ್ಟ್ರು ಆ ಸಮಿತಿಯಲ್ಲಿದ್ದಿದ್ದರೆ, ತೋಳವನ್ನು ಬಿಟ್ಟು ಮೊದಲು ಗೇಟನ್ನು ನೋಡುತ್ತಿದ್ದರು.

ಸಾಗರದವರಿಗೆ ನಾನು ಇದನ್ನು ಹೇಳಬೇಕಾಗಿ ಬಂತಲ್ಲ! ತಾಳಮದ್ದಳೆ ಮುಗಿಸಿ ಬೆಳಗಿನ ಜಾವ ಚಾ ಅಂಗಡಿಯಲ್ಲಿ ನಿಂತು, ಕರ್ಣನ ಅರ್ಥ ಎಲ್ಲಿ ಸಡಿಲವಾಯಿತು, ಭಾಗವತರು ಯಾವ ಪದ್ಯ ಎಳೆದರು ಎಂದು ಎಳೆ ಎಳೆಯಾಗಿ ಬಿಡಿಸುವ ಊರು ನಿಮ್ಮದು. ದೋಸೆ ಹಿಟ್ಟು ಹುಳಿ ಬಂದಿಲ್ಲ ಎಂದು ಮಾಣಿಯ ಮುಖಕ್ಕೇ ಹೇಳುತ್ತೇವೆ. ಮದುವೆ ಊಟದ ಹುಳಿಗೆ ಉಪ್ಪು ಕಡಿಮೆಯೆಂದು ಬೀಗರ ಎದುರೇ ಗೊಣಗುತ್ತೇವೆ. ಫೋಟೊ ಕಂಡರೆ ಮಾತ್ರ ‘ಸೂಪರ್ ಸರ್’. ಅದು ಬಿಟ್ಟರೆ ‘ಯಾವ ಲೆನ್ಸ್ ಸರ್?’ ಎಷ್ಟು ಹೊತ್ತಿಗೆ ಹೋಗಿದ್ದಿರಿ, ಎಲ್ಲಿ ನಿಂತಿದ್ದಿರಿ, ನೀರು ಯಾವ ಕಡೆ ಬಾಗಿತ್ತು ಎಂದು ಕೇಳುವವರಿಲ್ಲ. ಪುಸ್ತಕ ಬಿಡುಗಡೆ ಸಮಾರಂಭಗಳೂ ಹೀಗೇ ಆಗಿವೆ. ಪುಸ್ತಕ ಓದದೆ ಬಂದವರು ಹಾರ ಹಾಕಿಸಿಕೊಂಡು, ಲೇಖಕರನ್ನು ಇಂದ್ರ ಚಂದ್ರ ಎಂದು ಹೊಗಳಿ, ಉಪ್ಪಿಟ್ಟು ತಿಂದು ಹೋಗುತ್ತಾರೆ. ನಮ್ಮ ಪತ್ರಿಕೆಗೆ ಬರುವ ಪತ್ರಗಳಲ್ಲೂ ಮುಕ್ಕಾಲು ಪಾಲು ‘ಸಂಚಿಕೆ ಬಹಳ ಚೆನ್ನಾಗಿದೆ’. ಕಳೆದ ತಿಂಗಳು ಎರಡು ಪುಟ ಅದಲು ಬದಲಾಗಿ ಅಚ್ಚಾಗಿದ್ದವು. ಒಬ್ಬರಾದರೂ ಬರೆಯಲಿಲ್ಲ.

ಪತ್ರದ ಕೊನೆಯಲ್ಲಿ, ತೀರಾ ಸಣ್ಣ ಅಕ್ಷರದಲ್ಲಿ, ಒಂದು ಮಾತು ಸೇರಿಸಿದ್ದೀರಿ: ಫಿಲ್ಟರ್ ಹಾಕುವ ಮೊದಲು ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ ಇನ್ನೊಂದು ಚಿತ್ರ ತೆಗೆದಿದ್ದೆ, ನೀರು ಕೆಂಪು ಕೆಂಪಾಗಿ ಗಲೀಜಾಗಿ ಸಿಡಿಯುತ್ತಿತ್ತು, ಲೆನ್ಸಿನ ಮೇಲೆ ಹನಿಯೂ ಬಿದ್ದಿತ್ತು, ಹಾಗಾಗಿ ಯಾರಿಗೂ ತೋರಿಸಲಿಲ್ಲ ಎಂದು. ನನಗೆ ಬೇಕಾದದ್ದು ಅದೇ. ಮೊದಲು ಬಳಗಕ್ಕೆ ವಾಪಸು ಸೇರಿ ಮೇಷ್ಟ್ರಿಗೆ ತೋರಿಸಿ, ಅವರು ಏನೆಂದರೆಂದು ಬರೆದು ನನಗೂ ಕಳುಹಿಸಿ. ಪ್ರಿಂಟ್ 12×15 ಇರಲಿ, ಅಂಚು ಕತ್ತರಿಸಬೇಡಿ. ಆ ಹಿರಿಯರ ಎರಡು ತುಂಡು ರಟ್ಟು ಈಗ ನನ್ನ ಮೇಜಿನ ಖಾನೆಯಲ್ಲಿವೆ.