ಮೂರು ಕೋಟ್ ಹೊಡೆದ್ರೂ ಕಲೆ ಮತ್ತೆ ಎದ್ದು ಬರತ್ತೆ, ಏನ್ಮಾಡೋದು?

ಪ್ರಶ್ನೆ: ನಮ್ದು ಶಿವಮೊಗ್ಗದಲ್ಲಿ ಆರ್‌ಸಿಸಿ ಮನೆ. ಹಾಲ್ ಗೋಡೆ ಮೇಲ್ಗಡೆ ಮೂಲೇಲಿ ಕಂದು ಬಣ್ಣದ ನೀರಿನ ಕಲೆ ಇದೆ. ಬೇಸಿಗೇಲೇ ತಾರಸಿ ಬಿರುಕು ಮುಚ್ಚಿಸಿದ್ವಿ, ಈ ಮಳೆಗಾಲದಲ್ಲಿ ನೀರು ಇಳಿದಿಲ್ಲ. ಆದ್ರೂ ಎಮಲ್ಷನ್ ಮೂರು ಕೋಟ್ ಹೊಡೆಸಿದ್ರೂ ಒಣಗ್ತಿದ್ದ ಹಾಗೇ ಕಲೆ ಮತ್ತೆ ಕಾಣತ್ತೆ. ದೀಪಾವಳಿ ಆದ್ಮೇಲೆ ಮಗಳ ನಿಶ್ಚಿತಾರ್ಥ. ಇನ್ನೊಂದು ಕೋಟ್ ಹೊಡೆಸ್ಲಾ?

ಉತ್ತರ: ಬೇಡಿ ಮೇಡಂ, ಇನ್ನು ಹತ್ತು ಕೋಟ್ ಹೊಡೆಸಿದ್ರೂ ಅಷ್ಟೇ. ಆ ಕಲೆ ಏನು ಅಂದ್ರೆ, ತಾರಸಿಯಿಂದ ಇಳಿದ ನೀರು ಕಾಂಕ್ರೀಟು ಗಿಲಾವಲ್ಲಿರೋ ಉಪ್ಪು, ಧೂಳು, ಒಂದೊಂದ್ಸಲ ಕಂಬಿ ತುಕ್ಕು, ಎಲ್ಲಾ ಕರಗಿಸ್ಕೊಂಡು ಬಂದು ಗೋಡೇಲಿ ಬಿಟ್ಟು ತಾನು ಆವಿಯಾಗಿ ಹೋಗಿರತ್ತೆ. ಅಂಚು ಜಾಸ್ತಿ ಕಪ್ಪಗಿರೋದು ಯಾಕೆ ಗೊತ್ತಾ, ನೀರು ಹರಡ್ತಾ ಹೋಗಿ ಒಣಗಿದ್ದು ಆ ಅಂಚಲ್ಲೇ. ಈಗ ಎಮಲ್ಷನ್ ಅನ್ನೋದೇ ನೀರಲ್ಲಿ ಕಲೆಸಿದ ಪೇಂಟು, ಅದು ಒಣಗಿದ ಕಲೇನ ಮತ್ತೆ ಕರಗಿಸಿ, ತಾನು ಒಣಗುವಾಗ ಮೇಲಕ್ಕೆ ಎಳ್ಕೊಂಡು ಬರತ್ತೆ. ಪೇಂಟರ್ ತಪ್ಪು ಪೇಂಟ್ ಕ್ವಾಲಿಟಿ ತಪ್ಪು ಅಂತ ಜಗಳ ಆಡೋದು ವೇಸ್ಟು, ಮಧ್ಯದಲ್ಲಿ ನೀರಿಗೆ ಕರಗದ ಒಂದು ಪದರ ಬೇಕು ಅಷ್ಟೇ. ಅದೇ ಆಯಿಲ್ ಪ್ರೈಮರ್, ಅಂಗಡೀಲಿ ಸಾಲ್ವೆಂಟ್ ಬೇಸ್ಡ್ ಅಂತ ಕೇಳಿ, ಟರ್ಪೆಂಟೈನ್ ಹಾಕಿ ತೆಳು ಮಾಡೋದು. ವಾಟರ್ ಬೇಸ್ಡ್ ಕೊಟ್ರೆ ವಾಪಸ್ ಕೊಡಿ.

ಆದ್ರೆ ಅದಕ್ಕಿಂತ ಮುಂಚೆ ಗೋಡೆ ನಿಜವಾಗ್ಲೂ ಒಣಗಿದ್ಯಾ ನೋಡ್ಬೇಕು. ಮಳೆ ನಿಂತು ಎರಡು ವಾರ ಆಯ್ತು, ಕೈಯಿಟ್ರೆ ತಣ್ಣಗಿಲ್ಲ ಅಂತ ನಂಬ್ಕೋಬೇಡಿ, ಒಂಬತ್ತು ಇಂಚಿನ ಗೋಡೆ ಒಳಗಿನವರೆಗೂ ನೆಂದಿದ್ರೆ ಒಣಗೋಕೆ ತಿಂಗಳುಗಟ್ಲೆ ಬೇಕು. ಒಂದೂವರೆ ಅಡಿ ಚೌಕದ ಪಾಲಿಥೀನ್ ಶೀಟ್ ತಗೊಂಡು ಕಲೆ ಮೇಲಿಟ್ಟು ನಾಲ್ಕೂ ಕಡೆ ಗಾಳಿ ಆಡದ ಹಾಗೆ ಟೇಪ್ ಅಂಟಿಸಿ, ಒಂದು ದಿನ ಬಿಟ್ಟು ತೆಗೀರಿ. ಒಳಗಡೆ, ಅಂದ್ರೆ ಗೋಡೆ ಕಡೆ, ಹನಿ ಕಟ್ಟಿದ್ರೆ ತೇವ ಇನ್ನೂ ಇದೆ, ಆಗ ಏನೂ ಹಚ್ಚಬೇಡಿ, ಫ್ಯಾನ್ ಹಾಕಿ ಕಿಟಕಿ ತೆಗೆದಿಟ್ಟು ಕಾಯ್ರಿ. ಹೊರಮೈಯಲ್ಲಿ ಹನಿ ಇದ್ರೆ ಅದು ರೂಮಿನ ಗಾಳಿಯ ತೇವ, ಗೋಡೆದಲ್ಲ. ಹಾಗೇ ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ್ರೆ ಆ ಗಿಲಾವು ಬಿಟ್ಕೊಂಡಿದೆ, ಕಿತ್ತು ಹೊಸದು ಮಾಡಿಸ್ದೆ ಗತಿ ಇಲ್ಲ. ಸೀಲಿಂಗಲ್ಲೂ ಟೊಳ್ಳು ಸದ್ದು ಬಂದು ಕಲೆ ಕೇಸರಿ ತುಕ್ಕಿನ ಬಣ್ಣಕ್ಕಿದ್ರೆ ಪೇಂಟರ್ ಅಲ್ಲ, ಇಂಜಿನಿಯರ್ ಕರೆಸಿ.

ಒಣಗಿದ್ರೆ ಕೆಲಸ ಸುಲಭ. ಬಿಟ್ಕೊಂಡಿರೋ ಪೇಂಟ್ ಕೆರೆದು, ತಗ್ಗಿಗೆ ಪುಟ್ಟಿ ತುಂಬಿ, ಒಣಗಿದ್ಮೇಲೆ ಎಮ್ರಿ ಪೇಪರ್ ಹೊಡೆಸಿ. ಪುಟ್ಟಿ ಮೇಲೂ ಕಲೆ ಇಣುಕ್ಬಹುದು, ಗಾಬರಿ ಆಗ್ಬೇಡಿ, ಆಯಿಲ್ ಪ್ರೈಮರ್ ಅದರ ಮೇಲೇ ಬರೋದು, ಕಲೆಗಿಂತ ಒಂದು ಗೇಣು ಆಚೆವರೆಗೂ ಹಚ್ಚಿಸಿ. ಮಾರನೇ ದಿನ ಅಂಗೈಯಗಲ ಜಾಗಕ್ಕೆ ಮಾತ್ರ ಎಮಲ್ಷನ್ ಹಚ್ಚಿ ಒಂದು ರಾತ್ರಿ ಬಿಡಿ, ಕಲೆ ಬಂದ್ರೆ ಪ್ರೈಮರ್ ಇನ್ನೊಂದು ಕೋಟ್, ಬರ್ಲಿಲ್ಲ ಅಂದ್ರೆ ಪ್ರೈಮರ್ ಮೇಲೆ ತೆಳ್ಳಗೆ ಎಮ್ರಿ ಆಡಿಸಿ ಇಡೀ ಗೋಡೆ ಮೂಲೆಯಿಂದ ಮೂಲೆಗೆ ಎಮಲ್ಷನ್ ಹೊಡೆಸಿ, ಬರೀ ಆ ಜಾಗಕ್ಕೆ ಹೊಡೆಸಿದ್ರೆ ತೇಪೆ ಎದ್ದು ಕಾಣತ್ತೆ. ಆಯಿಲ್ ಪ್ರೈಮರ್ ವಾಸನೆ ಜೋರು, ಅದನ್ನ ಹಚ್ಚುವಾಗ ಗ್ಯಾಸ್, ದೀಪ, ಊದಿನಕಡ್ಡಿ ಏನೂ ಹತ್ರ ಬೇಡ. ಶೀಟಲ್ಲಿ ಹನಿ ಕಂಡ್ರೆ ಮಾತ್ರ ನಿಶ್ಚಿತಾರ್ಥಕ್ಕೆ ಆ ಮೂಲೇಗೆ ಹೂವಿನ ಡೆಕೊರೇಷನ್ ಮಾಡಿಸಿ, ಪೇಂಟ್ ಯುಗಾದಿಗೆ ಇಟ್ಕೊಳಿ.

ಪ್ರಶ್ನೆ: ಮಂಗಳೂರಲ್ಲಿ ಹಳೇ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಬಾಡಿಗೆ ಮನೆ. ಗೋಡೆ ಕೆಳಗೆ ಮೊಣಕಾಲುದ್ದ ಪೇಂಟ್ ಉಬ್ಬಿ ಬಿಳಿ ಪುಡಿ ಉದುರತ್ತೆ. ನಾನೂ ಆಯಿಲ್ ಪ್ರೈಮರ್ ಹಚ್ಚಬಹುದಾ?

ಉತ್ತರ: ನಿಮಗೆ ಅದು ಬೇಡ. ಅಲ್ಲಿ ನೀರು ಇಳೀತಿರೋದಲ್ಲ, ನೆಲದಿಂದ ಹತ್ತುತಿರೋದು, ಮುರಕಲ್ಲು ನೀರು ಚೆನ್ನಾಗಿ ಕುಡಿಯತ್ತೆ. ಆಯಿಲ್ ಪದರ ಹಾಕಿ ಮುಚ್ಚಿದ್ರೆ ಅದು ಗುಳ್ಳೆ ಎದ್ದು ಕಿತ್ತು ಬರತ್ತೆ, ತೇವ ಇನ್ನೂ ಮೇಲಕ್ಕೆ ಹೋಗತ್ತೆ. ಬಿಳಿ ಪುಡಿ ಉಪ್ಪು, ಒದ್ದೆ ಬಟ್ಟೇಲಿ ಒರೆಸಿದ್ರೆ ಮತ್ತೆ ಗೋಡೆ ಒಳಗೇ ಹೋಗತ್ತೆ, ಒಣ ಬ್ರಷ್ಷಲ್ಲಿ ಉಜ್ಜಿ ಗುಡಿಸಿ ಆಚೆ ಹಾಕಿ. ಹೊರಗಡೆ ಆ ಗೋಡೆಗೆ ಒತ್ತಿ ಹೂವಿನ ಪಾತಿ, ಮಣ್ಣಿನ ರಾಶಿ ಇದ್ಯಾ, ಅಂಗಳ ಒಳಗಿನ ನೆಲಕ್ಕಿಂತ ಎತ್ತರ ಇದ್ಯಾ ನೋಡಿ, ಇದ್ರೆ ಮೊದ್ಲು ಅದನ್ನ ತೆಗೆಸಿ. ಬಾಡಿಗೆ ಮನೆ ಅಂದ್ರಲ್ಲ, ತೇವ ಮೇಲಕ್ಕೆ ಹತ್ತದ ಹಾಗೆ ಗೋಡೆ ಅಡಿಯಲ್ಲಿ ಡ್ರಿಲ್ ಮಾಡಿ ಕೆಮಿಕಲ್ ತುಂಬಿಸೋ ಖರ್ಚು ಓನರ್‌ದು, ಅಲ್ಲಿವರೆಗೆ ಉಬ್ಬಿರೋ ಪೇಂಟ್ ಕೆರೆದು ಸುಣ್ಣ ಬಳಿದು ಬಿಡಿ, ಸುಣ್ಣದಲ್ಲಿ ತೇವ ಆಚೆ ಹೋಗೋಕೆ ದಾರಿ ಇರತ್ತೆ, ವರ್ಷಕ್ಕೊಂದ್ಸಲ ಮತ್ತೆ ಬಳೀಬೇಕಾಗತ್ತೆ ಅಷ್ಟೇ.