ಪೆಟ್ಟಿಗೆಯ ಮೇಲೆ ಎಚ್‌ಡಿಆರ್, ಪರದೆಯ ಮೇಲೆ ಮಂಕು

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಒಂದು ಬೆಡ್‌ರೂಮಿನ ಮನೆ. ಸಂಜೆಯ ಹೊತ್ತು ಟಿವಿ ಮನೆಯವರ ಧಾರಾವಾಹಿಗೆ ಮೀಸಲಾಗಿರುವುದರಿಂದ, ಮಗನ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲಿಗೆಂದೇ 27 ಇಂಚಿನ 1440ಪಿ ಮಾನಿಟರ್ ಕೊಂಡೆವು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ಎಚ್‌ಡಿಆರ್10' ಎಂದು ಅಚ್ಚಾಗಿತ್ತು. ಆದರೆ ಈ ಪರದೆಗೆ ಎಚ್‌ಡಿಆರ್ ಬೆಂಬಲವಿಲ್ಲ ಎಂದು ಕನ್ಸೋಲ್ ಹೇಳಿತು. ಮಗ ಮಾನಿಟರಿನ ಮೆನುವಿನಲ್ಲಿ ಏನನ್ನೋ ಬದಲಿಸಿದ ಮೇಲೆ ಎಚ್‌ಡಿಆರ್ ಬಂತು, ಆದರೆ ಚಿತ್ರ ಮೊದಲಿಗಿಂತ ಮಂಕಾಗಿ, ಹೊಗೆ ಕವಿದಂತೆ ಕಾಣುತ್ತಿದೆ. ದೋಷ ಕನ್ಸೋಲಿನದೋ, ಕೇಬಲಿನದೋ, ಮಾನಿಟರಿನದೋ?

ಉತ್ತರ: ಎಚ್‌ಡಿಆರ್ ಎಂದರೆ ತೀರ ಹೊಳೆಯುವುದನ್ನೂ ತೀರ ಕತ್ತಲೆಯದನ್ನೂ ಒಂದೇ ಚಿತ್ರದಲ್ಲಿ ತೋರಿಸುವ ವಿಡಿಯೊ ವಿಧಾನ; ಎಚ್‌ಡಿಆರ್10 ಅದರ ಒಂದು ಬಗೆ. ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದರ ಬೆನ್ನಿಗೆ ಒಂದು ಬಂದಿವೆ. ಮೊದಲನೆಯದು ಎರಡು ಯಂತ್ರಗಳ ನಡುವಿನ ಮಾತುಕತೆಯದು, ಎರಡನೆಯದು ಮಾನಿಟರಿನ ತಾಕತ್ತಿನದು. ಮೊದಲನೆಯದನ್ನು ನಿಮ್ಮ ಮಗ ಆಗಲೇ ಬಿಡಿಸಿದ್ದಾನೆ. ಅವನು ಮಾಡಿದ್ದೇನು ಎಂಬುದನ್ನು ತಿಳಿದುಕೊಂಡರೆ ಎರಡನೆಯದು ಸುಲಭವಾಗಿ ಅರ್ಥವಾಗುತ್ತದೆ.

ಕೇಬಲ್ ಸಿಕ್ಕಿಸಿದ ಕೂಡಲೇ ಮಾನಿಟರ್ ತನ್ನ ಜಾತಕವನ್ನು ಕನ್ಸೋಲಿಗೆ ಒಪ್ಪಿಸುತ್ತದೆ. ಇಡಿಐಡಿ ಎಂದು ಕರೆಯುವ ಈ ಚಿಕ್ಕ ಮಾಹಿತಿಯ ತುಣುಕಿನಲ್ಲಿ ತಾನು ಯಾವ ಯಾವ ರೆಸಲ್ಯೂಷನ್ ತೋರಿಸಬಲ್ಲೆ, ಸೆಕೆಂಡಿಗೆ ಎಷ್ಟು ಫ್ರೇಮು ಸ್ವೀಕರಿಸಬಲ್ಲೆ, ಎಚ್‌ಡಿಆರ್ ಸಂಕೇತ ನನಗೆ ತಿಳಿಯುತ್ತದೆಯೇ ಎಂಬುದೆಲ್ಲ ಬರೆದಿರುತ್ತದೆ. ಕನ್ಸೋಲ್ ನೋಡುವುದು ಆ ಜಾತಕವನ್ನು ಮಾತ್ರ. ಪೆಟ್ಟಿಗೆಯ ಮೇಲಿನ ಅಚ್ಚನ್ನಲ್ಲ. ಇಲ್ಲಿಯ ತೊಡಕೆಂದರೆ, ಒಂದೇ ಮಾನಿಟರಿನಲ್ಲಿ ಕೇಬಲ್ ಸಿಕ್ಕಿಸುವ ಒಂದೊಂದು ಕಿಂಡಿಗೂ ಬೇರೆ ಬೇರೆ ಜಾತಕವಿರಬಹುದು. ಕಂಪ್ಯೂಟರಿಗೆಂದು ತಯಾರಾದ ಮಾನಿಟರುಗಳು ತಮ್ಮ ಪೂರ್ಣ ಸಾಮರ್ಥ್ಯವನ್ನು ಹೆಚ್ಚಾಗಿ ಡಿಸ್‌ಪ್ಲೇಪೋರ್ಟ್ ಎಂಬ ಕಿಂಡಿಗೆ ಕೊಟ್ಟು, ಎಚ್‌ಡಿಎಂಐ ಕಿಂಡಿಯನ್ನು ಹಳೆಯ ಕ್ರಮದಲ್ಲಿಯೇ ಇಟ್ಟಿರುತ್ತವೆ. ಕನ್ಸೋಲುಗಳಿಗೆ ಇರುವುದೋ ಎಚ್‌ಡಿಎಂಐ ಒಂದೇ. ಎಚ್‌ಡಿಆರ್ ಮಾಹಿತಿಯನ್ನು ಸಾಗಿಸುವ ವ್ಯವಸ್ಥೆ ಎಚ್‌ಡಿಎಂಐಗೆ ಸೇರಿದ್ದು 2015ರಲ್ಲಿ, 2.0ಎ ಆವೃತ್ತಿಯೊಂದಿಗೆ, ಹೀಗಾಗಿ ಹಳೆಯ 1.4 ಆವೃತ್ತಿಯ ಕ್ರಮದಲ್ಲಿ ಇಟ್ಟ ಕಿಂಡಿ ಕನ್ಸೋಲಿಗೆ ಎಚ್‌ಡಿಆರ್ ಇಲ್ಲ ಎಂದು ಹೇಳುವುದು ಸಾಮಾನ್ಯ. ಮೆನುವಿನಲ್ಲಿ ಅದನ್ನು 2.0 ಅಥವಾ 'ಕನ್ಸೋಲ್ ಮೋಡ್' ಎಂದು ಬದಲಿಸಿದಾಗ ಜಾತಕವೇ ಬದಲಾಗುತ್ತದೆ. ನಿಮ್ಮ ಮಗ ಮಾಡಿದ್ದು ಬಹುಶಃ ಇದನ್ನೇ. ಇದೇ ತೊಂದರೆಗೆ ಕೆಲವರು ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟಿಗೆ ಪರಿವರ್ತಿಸುವ ಕೇಬಲ್ ಹುಡುಕಲು ಹೊರಡುತ್ತಾರೆ. ದುಡ್ಡು ಹೋಗುತ್ತದೆ, ಎಚ್‌ಡಿಆರ್ ಮಾತ್ರ ಸಾಮಾನ್ಯವಾಗಿ ಬರುವುದಿಲ್ಲ.

1440ಪಿಯ, ಅಂದರೆ ಎತ್ತರದಲ್ಲಿ 1440 ಸಾಲು ಬಿಂದುಗಳಿರುವ ಚಿತ್ರದ ಬಗ್ಗೆಯೂ ಒಂದು ಮಾತು. 2020ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5 ಹೊರಬಂದಾಗ ಅದಕ್ಕೆ 1440ಪಿ ಗೊತ್ತೇ ಇರಲಿಲ್ಲ; 2022ರ ಸೆಪ್ಟೆಂಬರಿನ ಸಾಫ್ಟ್‌ವೇರ್ ಪರಿಷ್ಕರಣೆಯೊಂದಿಗೆ ಅದು ಬಂತು. ವಿಡಿಯೊ ಔಟ್‌ಪುಟ್ ವಿಭಾಗದಲ್ಲಿ ಅದನ್ನು ಪರೀಕ್ಷಿಸಿ ನೋಡುವ ಆಯ್ಕೆಯೂ ಇದೆ. ಅಲ್ಲಿಯೇ 'ವಿಡಿಯೊ ಔಟ್‌ಪುಟ್ ಇನ್‌ಫರ್ಮೇಷನ್' ಎಂಬ ಪುಟ ತೆರೆದರೆ ಈ ಕ್ಷಣ ಕೇಬಲಿನೊಳಗೆ ಹೋಗುತ್ತಿರುವ ಸಂಕೇತ ಯಾವುದು ಎಂಬುದು ಕಾಣುತ್ತದೆ. (ಮೆನುಗಳು ಕನ್ನಡದಲ್ಲಿ ಇಲ್ಲದ ಕಾರಣ ಅಲ್ಲಿರುವ ಇಂಗ್ಲಿಷ್ ಹೆಸರುಗಳನ್ನೇ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ.) ಯಾರೇ ಎಚ್‌ಡಿಆರ್ ಬಗ್ಗೆ ದೂರಿದರೂ ನಾನು ಮೊದಲು ಕೇಳುವುದು ಆ ಪುಟದಲ್ಲಿ ಏನಿದೆ ಎಂದು.

ಇನ್ನು ಮಂಕಿನ ವಿಷಯ. ಇದರಲ್ಲಿ ಒಂದು ಭಾಗ ದೋಷವೇ ಅಲ್ಲ. ಹಳೆಯ ಸಾಮಾನ್ಯ ವಿಡಿಯೊದಲ್ಲಿ, ಅಂದರೆ ಎಸ್‌ಡಿಆರ್‌ನಲ್ಲಿ, ಬಿಳಿ ಎಂಬುದು ಸಾಪೇಕ್ಷ. ಸ್ಟುಡಿಯೊದಲ್ಲಿ ಬಿಳಿಯನ್ನು 100 ನಿಟ್ಸ್ (ನಿಟ್ ಎಂದರೆ ಪರದೆಯ ಹೊಳಪಿನ ಅಳತೆ) ಎಂದು ಇಟ್ಟುಕೊಂಡು ಚಿತ್ರವನ್ನು ಸಿದ್ಧಪಡಿಸಿದರೂ, ನೀವು ಮನೆಯಲ್ಲಿ ಮಾನಿಟರಿನ ಬ್ರೈಟ್‌ನೆಸ್ ಏರಿಸಿದರೆ ಅದೇ ಬಿಳಿ 300 ನಿಟ್ಸ್ ಆಗುತ್ತದೆ, ಚಿತ್ರವೆಲ್ಲ ಅದರ ಜೊತೆಗೆ ಮೇಲೇರುತ್ತದೆ. ಎಚ್‌ಡಿಆರ್10 ಬಳಸುವ ಪಿಕ್ಯೂ ಎಂಬ ಲೆಕ್ಕ ಹಾಗಲ್ಲ. ಅದರಲ್ಲಿ ಪ್ರತಿಯೊಂದು ಸಂಖ್ಯೆಗೂ ಇಂತಿಷ್ಟೇ ನಿಟ್ಸ್ ಎಂಬ ನಿಗದಿ ಇದೆ, ಮೇಲಿನ ಮಿತಿ 10,000 ನಿಟ್ಸ್. ಕಾಗದದ ಬಿಳಿ, ಮೆನುವಿನ ಅಕ್ಷರ, ಬೆಳಕಿನಲ್ಲಿರುವ ಗೋಡೆ ಇಂಥ ಸಾಮಾನ್ಯ ಬಿಳಿಗಳಿಗೆ ಪ್ರಸಾರ ಕ್ಷೇತ್ರದಲ್ಲಿ ಇಟ್ಟುಕೊಂಡಿರುವ ಅಳತೆ ಸುಮಾರು 200 ನಿಟ್ಸ್. ಅದರ ಮೇಲಿನ ಜಾಗವೆಲ್ಲ ಸೂರ್ಯ, ಸಿಡಿಮದ್ದು, ಕತ್ತಿಯಂಚಿನ ಮಿಂಚು ಇತ್ಯಾದಿಗಳಿಗೆ ಕಾಯ್ದಿರಿಸಿದ್ದು. ಆದ್ದರಿಂದ 300 ನಿಟ್ಸ್ ಬಿಳಿಗೆ ಒಗ್ಗಿದ ಕಣ್ಣಿಗೆ ಎಚ್‌ಡಿಆರ್ ಹಾಕಿದ ಕೂಡಲೇ ಚಿತ್ರ ಕುಗ್ಗಿದಂತೆ ಕಾಣುತ್ತದೆ. ಬ್ರೈಟ್‌ನೆಸ್ ಏರಿಸೋಣವೆಂದರೆ ಬಹಳಷ್ಟು ಮಾನಿಟರುಗಳಲ್ಲಿ ಎಚ್‌ಡಿಆರ್ ವೇಳೆ ಆ ಗುಂಡಿಯೇ ನಿಷ್ಕ್ರಿಯ. ಜೊತೆಗೆ, ಎಚ್‌ಡಿಆರ್ ಚಿತ್ರ ನೋಡುವ ಕೋಣೆ ಹೇಗಿರಬೇಕೆಂದು ಹೇಳುವ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ಪರದೆಯ ಸುತ್ತಲಿನ ಬೆಳಕು 5 ನಿಟ್ಸ್. ಅಂದರೆ ಹೆಚ್ಚುಕಡಿಮೆ ಕತ್ತಲೆ. ಮಧ್ಯಾಹ್ನ ನಿಮ್ಮ ಕಿಟಕಿಯ ಪಕ್ಕದ ಸುಣ್ಣದ ಗೋಡೆಯೇ ಅದರ ಹತ್ತಾರು ಪಟ್ಟು ಬೆಳಗುತ್ತಿರುತ್ತದೆ.

ಆದರೆ 'ಹೊಗೆ ಕವಿದಂತೆ' ಎಂದು ನೀವು ಬರೆದಿದ್ದೀರಲ್ಲ, ಆ ಮಾತು ನನ್ನನ್ನು ಮಾನಿಟರಿನ ಕಡೆಗೆ ತಿರುಗಿಸಿತು. ಹೊಗೆ ಎಂದರೆ ಕಪ್ಪು ಕಪ್ಪಾಗಿಲ್ಲ ಎಂದರ್ಥ. ಸಾಧಾರಣ ಐಪಿಎಸ್ ಬಗೆಯ ಎಲ್‌ಸಿಡಿ ಪರದೆಯ ಹಿಂದೆ ಇರುವುದು ಇಡೀ ಪರದೆಗೆ ಒಂದೇ ಬ್ಯಾಕ್‌ಲೈಟ್; ಹಜಾರದ ಟ್ಯೂಬ್‌ಲೈಟ್ ಹಾಕಿ ದೇವರ ಕೋಣೆಯಲ್ಲಿ ಕತ್ತಲೆ ಬೇಕೆಂದರೆ ಹೇಗೋ ಹಾಗೆ. ಅಂಥ ಪರದೆಯ ಕಾಂಟ್ರಾಸ್ಟ್, ಅಂದರೆ ಬಿಳಿಯ ಹೊಳಪಿಗೂ ಕಪ್ಪಿನದಕ್ಕೂ ಇರುವ ಅನುಪಾತ, ಸುಮಾರು 1000ಕ್ಕೆ 1. ಮೂಲೆಯಲ್ಲಿನ ಒಂದು ಪಂಜು ಹೊಳೆಯಲೆಂದು ಮಾನಿಟರ್ ಬ್ಯಾಕ್‌ಲೈಟನ್ನು 400 ನಿಟ್ಸ್‌ಗೆ ಏರಿಸಿತೆಂದರೆ, ಅದೇ ಚಿತ್ರದ ಗುಹೆಯ ಕಪ್ಪು 0.4 ನಿಟ್ಸ್‌ಗೆ ಏರುತ್ತದೆ, ಮಂದ ಬೆಳಕಿನ ಕೋಣೆಯಲ್ಲಿ ಅದು ಬೂದಿಯ ಬಣ್ಣವೇ ಸರಿ. ಬ್ಯಾಕ್‌ಲೈಟನ್ನು ಭಾಗ ಭಾಗವಾಗಿ ಆರಿಸಿ ಬೆಳಗಿಸುವ ಲೋಕಲ್ ಡಿಮ್ಮಿಂಗ್ ಇದ್ದರೆ ಮಾತ್ರ ಇದಕ್ಕೆ ಪರಿಹಾರ. ಅಂಚಿನಲ್ಲಿ 8 ಅಥವಾ 16 ಭಾಗಗಳಿದ್ದರೆ ಅರ್ಧ ಪರಿಹಾರ. ಹಿಂದುಗಡೆ ನೂರಾರು ಭಾಗಗಳಿರುವ ಮಿನಿ ಎಲ್‌ಇಡಿಯಾದರೆ ಮುಕ್ಕಾಲು. ಪ್ರತಿ ಬಿಂದುವೂ ತಾನೇ ದೀಪವಾಗಿರುವ ಓಎಲ್‌ಇಡಿಯಾದರೆ ಪೂರ್ತಿ.

ಹಾಗಾದರೆ ಪೆಟ್ಟಿಗೆಯ ಮೇಲೆ ಎಚ್‌ಡಿಆರ್10 ಎಂದು ಬರೆದದ್ದು ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ, ಎಚ್‌ಡಿಆರ್10 ಸಂಕೇತ ಬಂದರೆ ತಿಳಿದುಕೊಳ್ಳುತ್ತೇನೆ ಎಂದಷ್ಟೇ ಅದರ ಅರ್ಥ. ಜಾತಕ ಕೂಡಿದೆ, ಸಂಸಾರದ ಹೊಣೆ ಯಾರದೂ ಅಲ್ಲ. ಅದಕ್ಕೆ ಪರೀಕ್ಷೆಯಿಲ್ಲ, ಹೊಳಪಿನ ಕನಿಷ್ಠ ಮಿತಿಯಿಲ್ಲ. ಈ ಗೊಂದಲಕ್ಕೆಂದೇ, ಪರದೆಗಳ ಮಾನದಂಡಗಳನ್ನು ರೂಪಿಸುವ ವೆಸಾ ಸಂಸ್ಥೆ 2017ರ ಡಿಸೆಂಬರಿನಲ್ಲಿ ಡಿಸ್‌ಪ್ಲೇಎಚ್‌ಡಿಆರ್ ಎಂಬ ದರ್ಜೆಗಳನ್ನು ತಂದಿತು: 400, 600, 1000 (ಗರಿಷ್ಠ ಹೊಳಪು, ನಿಟ್ಸ್‌ನಲ್ಲಿ). ಆದರೆ ಆಗ ನಿಗದಿಯಾದ 400ರ ದರ್ಜೆಗೆ ಲೋಕಲ್ ಡಿಮ್ಮಿಂಗ್ ಕಡ್ಡಾಯವಾಗಿರಲಿಲ್ಲ, ಬಣ್ಣದ ಮೆಟ್ಟಿಲುಗಳು ಕಡಿಮೆಯಿರುವ 8 ಬಿಟ್‌ನ ಪರದೆಗೂ ಅದರೊಳಗೆ ಜಾಗವಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮುಡಿದ ಎಷ್ಟೋ ಮಾನಿಟರುಗಳು ಈ 400ರ ಹೆಸರಿನಲ್ಲಿ ಮಾರಾಟವಾದವು. ಕಪ್ಪನ್ನು ನಿಜಕ್ಕೂ ಕಪ್ಪಾಗಿಸುವ ಪರದೆಗಳಿಗೆ 2019ರಲ್ಲಿ 'ಟ್ರೂ ಬ್ಲ್ಯಾಕ್' ಎಂಬ ಪ್ರತ್ಯೇಕ ದರ್ಜೆ ಬಂತು. ಹೆಸರಿನಲ್ಲಿ 400 ಇದ್ದರೂ ಅದು ಬೇರೆ ಪಂಕ್ತಿ, ಎರಡನ್ನೂ ಒಂದೆಂದು ತಿಳಿಯಬೇಡಿ.

ನಾನೂ ಮೋಸ ಹೋದವನೇ. ಕೆಲವು ವರ್ಷಗಳ ಹಿಂದೆ ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ ಮಾನಿಟರಿನ ಮೇಲೆ ಓಡುತ್ತಿದ್ದ ಹೂವು, ಜಲಪಾತಗಳ ವಿಡಿಯೊ ನೋಡಿ ಮರುಳಾಗಿ ಅದನ್ನೇ ಹೊತ್ತು ತಂದೆ. ಮನೆಯಲ್ಲಿ ಮೆನು ತೆರೆದಾಗ ತಿಳಿಯಿತು, ಅಂಗಡಿಯಲ್ಲಿ ನಾನು ಮೆಚ್ಚಿದ್ದು 'ಎಚ್‌ಡಿಆರ್ ಎಫೆಕ್ಟ್' ಎಂಬ ಚಿತ್ರ ವಿಧಾನವನ್ನು. ಸಾಮಾನ್ಯ ವಿಡಿಯೊಗೆ ಬಣ್ಣ, ಕಾಂಟ್ರಾಸ್ಟು ಬಳಿದು ಕೊಡುವ ಆ ವಿಧಾನಕ್ಕೂ ಎಚ್‌ಡಿಆರ್‌ಗೂ ಹೆಸರಿನ ಸಂಬಂಧ ಮಾತ್ರ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಮಾನಿಟರಿನಿಂದ ಆದಷ್ಟು ಒಳ್ಳೆಯ ಚಿತ್ರ ಪಡೆಯುವ ದಾರಿ. ಕನ್ಸೋಲಿನ ಎಚ್‌ಡಿಆರ್ ಆಯ್ಕೆಯನ್ನು 'ಆಲ್‌ವೇಸ್ ಆನ್' ಎಂದು ಇಡದೆ 'ಆನ್ ವೆನ್ ಸಪೋರ್ಟೆಡ್' ಎಂದು ಇಡಿ. ಇಲ್ಲದಿದ್ದರೆ ಎಚ್‌ಡಿಆರ್ ಇಲ್ಲದ ಆಟಗಳನ್ನೂ ಕನ್ಸೋಲ್ ಎಚ್‌ಡಿಆರ್ ಹೊದಿಕೆಯಲ್ಲಿ ಸುತ್ತಿ ಕಳಿಸುತ್ತದೆ. ಬಳಿಕ 'ಅಡ್ಜಸ್ಟ್ ಎಚ್‌ಡಿಆರ್' ಎಂಬುದನ್ನು ಮಾಡಿ. ಸಂಜೆ ಕಿಟಕಿಯ ಪರದೆ ಎಳೆದು, ಆಟ ಆಡುವಾಗ ಇರುವ ಬೆಳಕಿನಲ್ಲಿಯೇ ಮಾಡಬೇಕು. ಅದರ ಮೊದಲ ಎರಡು ಹಂತಗಳಲ್ಲಿ ಹೊಳಪನ್ನು ಏರಿಸುತ್ತ ಹೋಗಿ, ಚಿಹ್ನೆ ಇನ್ನೇನು ಕರಗಿತು ಎನ್ನುವಲ್ಲಿ ನಿಲ್ಲಿಸಬೇಕು, ಮೂರನೆಯದು ಕಪ್ಪಿನದು. ಈ ಹಂತಗಳಲ್ಲಿ ಅವಸರ ಬೇಡ, ಏಕೆಂದರೆ ಮಾನಿಟರ್ ಎಷ್ಟು ಬೆಳಗಬಲ್ಲದು ಎಂಬುದನ್ನು ಕನ್ಸೋಲ್ ತಿಳಿಯುವುದು ನಿಮ್ಮ ಬೆರಳಿನಿಂದಲೇ. ಪರದೆಯದು ಪಾವಿನ ಅಳತೆಯಾದರೆ ಪಾವೆಂದೇ ಹೇಳಬೇಕು. ಸೇರೆಂದು ಹೇಳಿದರೆ ಆಟ ಒಂದು ಸೇರು ಬೆಳಕನ್ನು ಸುರಿಯುತ್ತದೆ, ಚೆಲ್ಲಿಹೋಗುವುದು ಮೋಡಗಳ ಅಂಚು, ಬೆಂಕಿಯ ನಾಲಗೆ, ಹಿಮದ ಮೇಲಿನ ಹೆಜ್ಜೆಗುರುತು. ಅವೆಲ್ಲ ಒಂದೇ ಬಿಳಿಯ ಮುದ್ದೆಯಾಗುತ್ತವೆ. ಹಲವು ಆಟಗಳ ಒಳಗೂ ಇಂಥದೇ ಹೊಂದಿಕೆಗಳಿರುತ್ತವೆ. ಅಲ್ಲಿ 'ಪೇಪರ್ ವೈಟ್' (ಕಾಗದದ ಬಿಳಿಯ ಹೊಳಪು) ಎಂಬುದು ಕಂಡರೆ ಹಗಲು ಹೊತ್ತಿಗೆ ಅದನ್ನು ಸ್ವಲ್ಪ ಏರಿಸಿಕೊಳ್ಳಿ. ನಾನು ಮೊದಲು ವಿವರಿಸಿದ ನಿರ್ದೋಷ ಮಂಕಿಗೆ ಅದೇ ಮದ್ದು.

ಎಚ್‌ಡಿಆರ್ ಆಫ್ ಮಾಡಿದ ಮೇಲೂ ಕಪ್ಪು ಬೂದಿಯಾಗಿಯೇ ಉಳಿದರೆ ಕನ್ಸೋಲಿನ ಆರ್‌ಜಿಬಿ ರೇಂಜ್ (ಕಪ್ಪಿನಿಂದ ಬಿಳಿಯವರೆಗಿನ ಸಂಖ್ಯೆಗಳ ವ್ಯಾಪ್ತಿ) ಮತ್ತು ಮಾನಿಟರಿನ ರೇಂಜ್ ಒಂದಕ್ಕೊಂದು ಹೊಂದುತ್ತಿಲ್ಲ ಎಂದು ಅನುಮಾನಿಸಿ, ಎರಡನ್ನೂ 'ಆಟೊಮ್ಯಾಟಿಕ್' ಮಾಡಿ ನೋಡಿ. ಆಫ್ ಮಾಡಿದ ಕೂಡಲೇ ಚಿತ್ರ ಚೆನ್ನಾಯಿತು ಎಂದಾದರೆ ನನ್ನ ಸಲಹೆ ಒಂದೇ: ಎಚ್‌ಡಿಆರ್ ಬಿಟ್ಟುಬಿಡಿ. ಲೋಕಲ್ ಡಿಮ್ಮಿಂಗ್ ಇಲ್ಲದ ಪರದೆಯಲ್ಲಿ ಒಳ್ಳೆಯ ಎಸ್‌ಡಿಆರ್ ಚಿತ್ರವೇ ಎಷ್ಟೋ ಮೇಲು, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಮಾನಿಟರನ್ನು ಹಿಂದಿರುಗಿಸಲು ಓಡುವ ಅಗತ್ಯವೂ ಕಾಣುವುದಿಲ್ಲ. 1440ಪಿಯಲ್ಲಿ ಆಡಲು ಅದು ಸಾಕು.

ಪ್ರಶ್ನೆ: ಪುಣೆಯ ಕೋಥ್ರೂಡಿನಲ್ಲಿದ್ದೇನೆ. ಮೇಜಿನ ಮೇಲೆ ಇಡಲು 4ಕೆ ಮಾನಿಟರ್ ಕೊಳ್ಳಬೇಕೆಂದಿದ್ದೇನೆ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಪ್ಲೇಸ್ಟೇಷನ್ 5 ಎರಡೂ ಇವೆ. ಎಚ್‌ಡಿಎಂಐ 2.1 ಇರಲೇಬೇಕೆ, 2.0 ಸಾಲದೆ?

ಉತ್ತರ: ಸೆಕೆಂಡಿಗೆ 60 ಫ್ರೇಮು ಸಾಕೆಂದರೆ 2.0 ಕೂಡ ನಡೆಯುತ್ತದೆ, ಒಂದು ರಾಜಿಯೊಂದಿಗೆ. ಎಚ್‌ಡಿಎಂಐ 2.0ರ ಸಾಗಣೆಯ ಮಿತಿ ಸೆಕೆಂಡಿಗೆ 18 ಗಿಗಾಬಿಟ್. 4ಕೆ, 60 ಹರ್ಟ್ಸ್, 10 ಬಿಟ್‌ನ ಚಿತ್ರವನ್ನು ಪೂರ್ಣ ಬಣ್ಣದೊಂದಿಗೆ ಕಳಿಸಲು 22ಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಕನ್ಸೋಲ್ ಹೊಳಪನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ಅರ್ಧಕ್ಕೋ ಕಾಲಿಗೋ ಇಳಿಸಿ ಕಳಿಸುತ್ತದೆ. ಮಾಹಿತಿ ಪುಟದಲ್ಲಿ ವೈಯುವಿ422 ಅಥವಾ 420 ಎಂದು ಕಾಣುವುದು ಇದೇ. ಹತ್ತು ಅಡಿ ದೂರದ ಸೋಫಾದಿಂದ ಇದು ಯಾರ ಕಣ್ಣಿಗೂ ಬೀಳದು. ಎರಡು ಅಡಿ ದೂರದ ಮೇಜಿನಲ್ಲಿ ಮಾತ್ರ ನೀಲಿಯ ಮೇಲಿನ ಸಣ್ಣ ಕೆಂಪು ಅಕ್ಷರಗಳ ಅಂಚು ಕದಡಿದಂತೆ ಕಾಣಬಹುದು.

4ಕೆಯಲ್ಲಿ 120 ಹರ್ಟ್ಸ್ ಬೇಕೆಂದರೆ 2.1 ಇರಲೇಬೇಕು. ಆದರೆ ಅಂಗಡಿಯಲ್ಲಿ '2.1 ಇದೆಯೇ' ಎಂದು ಕೇಳಬೇಡಿ, ಇದೆ ಎಂದೇ ಹೇಳುತ್ತಾರೆ. 2.1ರ ಹೊಸ ಸೌಲಭ್ಯಗಳಲ್ಲಿ ಬಹುಪಾಲು ಐಚ್ಛಿಕವಾಗಿರುವುದರಿಂದ, ಹಳೆಯ 18 ಗಿಗಾಬಿಟ್‌ನ ಕಿಂಡಿಯನ್ನೂ ಆ ಹೆಸರಿನಲ್ಲಿ ಮಾರಲು ನಿಯಮ ಅಡ್ಡಬರುವುದಿಲ್ಲ. ಕಿಂಡಿಯ ಸಾಗಣೆ ಎಷ್ಟು ಗಿಗಾಬಿಟ್, 24, 40 ಅಥವಾ 48ರಲ್ಲಿ ಯಾವುದು, ಎಚ್‌ಡಿಎಂಐಯಲ್ಲಿಯೇ 4ಕೆ 120 ಬರುತ್ತದೆಯೇ ಎಂದು ಕೇಳಿ, ಕೈಪಿಡಿಯಲ್ಲಿ ತೋರಿಸಲು ಹೇಳಿ. ಪೆಟ್ಟಿಗೆಯ ಮೇಲಿನ 144 ಹರ್ಟ್ಸ್ ಡಿಸ್‌ಪ್ಲೇಪೋರ್ಟಿನದು ಮಾತ್ರ ಆಗಿರಬಹುದು. ಫ್ರೇಮುಗಳ ವೇಗಕ್ಕೆ ಪರದೆ ಹೊಂದಿಕೊಳ್ಳುವ ವಿಆರ್‌ಆರ್ ಸೌಲಭ್ಯದಲ್ಲಿಯೂ ನಿಮ್ಮ ಎರಡು ಕನ್ಸೋಲುಗಳು ಒಂದೇ ಅಲ್ಲ: ಎಕ್ಸ್‌ಬಾಕ್ಸಿಗೆ ಫ್ರೀಸಿಂಕ್ ಎಂಬ ಇನ್ನೊಂದು ಬಗೆಯ ವಿಆರ್‌ಆರ್ ಕೂಡ ನಡೆಯುತ್ತದೆ, 2022ರಲ್ಲಿ ವಿಆರ್‌ಆರ್ ಪಡೆದ ಪ್ಲೇಸ್ಟೇಷನ್ 5ಕ್ಕೆ ಎಚ್‌ಡಿಎಂಐ 2.1ರ ವಿಆರ್‌ಆರ್ ಇರಬೇಕು. ಎಚ್‌ಡಿಆರ್‌ನ ಇನ್ನೊಂದು ಬಗೆಯಾದ ಡಾಲ್ಬಿ ವಿಷನ್‌ನ ಆಟಗಳು ಎಕ್ಸ್‌ಬಾಕ್ಸಿನಲ್ಲಿ ಮಾತ್ರ. ಅದನ್ನು ಒಪ್ಪುವ ಮಾನಿಟರುಗಳೇ ವಿರಳವಾದ್ದರಿಂದ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ. ಕೇಬಲನ್ನೂ ಬೇರೆ ಕೊಳ್ಳಬೇಕಿಲ್ಲ, ಕನ್ಸೋಲಿನ ಜೊತೆ ಬಂದದ್ದೇ ಸಾಕು.

ಪರದೆಯ ಆಯ್ಕೆ ನಿಮ್ಮ ಕೋಣೆಯನ್ನು ಅವಲಂಬಿಸಿದೆ. ರಾತ್ರಿ ಆಡುವವರಾದರೆ ಓಎಲ್‌ಇಡಿ. ಹಗಲು ಬೆಳಕಿನಲ್ಲಿ ಆಡುವವರಾದರೆ ಮಿನಿ ಎಲ್‌ಇಡಿ. ಓಎಲ್‌ಇಡಿಯಲ್ಲಿ ಪರದೆಯೆಲ್ಲ ಬಿಳಿಯಾದಾಗ ಹೊಳಪು ತಾನಾಗಿಯೇ ಇಳಿಯುತ್ತದೆ. ಒಂದೇ ಆಟವನ್ನು ತಿಂಗಳುಗಟ್ಟಲೆ ಆಡುವವರು ಮೂಲೆಯ ನಕ್ಷೆ, ಅಂಕಗಳ ಪಟ್ಟಿ ಪರದೆಯಲ್ಲಿ ಅಚ್ಚೊತ್ತಿ ನಿಲ್ಲುವ ಅಪಾಯವನ್ನೂ ನೆನಪಿಡಬೇಕು.

ಪ್ರಶ್ನೆ: ಗೋವಾದ ವಾಸ್ಕೊದಿಂದ. ಮಗಳ ಹಳೆಯ ನಿಂಟೆಂಡೊ ಸ್ವಿಚ್ಚನ್ನು ಹೊಸ ಎಚ್‌ಡಿಆರ್ ಮಾನಿಟರಿಗೆ ಜೋಡಿಸಿದರೆ ಬಣ್ಣಗಳು ವಿಕಾರವಾಗಿ ಕಾಣುತ್ತವೆ. ಅದನ್ನು ಪರದೆಗೆ ಜೋಡಿಸುವ ಪೀಠವನ್ನು, ಅಂದರೆ ಡಾಕನ್ನು, ಹೊಸದಾಗಿ ಕೊಳ್ಳಬೇಕೆ?

ಉತ್ತರ: ಬೇಡ. 2017ರ ಸ್ವಿಚ್ಚಿಗೆ ಎಚ್‌ಡಿಆರ್ ಇಲ್ಲವೇ ಇಲ್ಲ, ಡಾಕಿನಿಂದ ಹೊರಬರುವುದು ಹೆಚ್ಚೆಂದರೆ 1080ಪಿಯ ಸಾಮಾನ್ಯ ಚಿತ್ರ. ನಿಮ್ಮ ಮಾನಿಟರ್ ಅದಕ್ಕೆ ತಾನಾಗಿಯೇ ಎಚ್‌ಡಿಆರ್ ವೇಷ ತೊಡಿಸುತ್ತಿರಬೇಕು. ಮೆನುವಿನಲ್ಲಿ ಎಚ್‌ಡಿಆರ್ ಆಫ್ ಮಾಡಿ, ಚಿತ್ರ ವಿಧಾನವನ್ನು 'ಸ್ಟ್ಯಾಂಡರ್ಡ್' ಅಥವಾ 'ಎಸ್‌ಆರ್‌ಜಿಬಿ' ಎಂದು ಇಡಿ. ಎಚ್‌ಡಿಆರ್10 ಬಂದಿರುವುದು 2025ರ ಜೂನಿನಲ್ಲಿ ಬಿಡುಗಡೆಯಾದ ಸ್ವಿಚ್ 2ರಲ್ಲಿ. ಮುಂದೆ ಅದನ್ನು ಕೊಂಡರೆ, ಮಾನಿಟರಿನ ಎಚ್‌ಡಿಆರ್ ಆಯ್ಕೆಯನ್ನು 'ಆಟೊ'ಗೆ ತಂದು ಡೊಂಬಿವಲಿಯ ಓದುಗರಿಗೆ ಹೇಳಿದಂತೆ ಎಚ್‌ಡಿಎಂಐ ಕಿಂಡಿಯ ಕ್ರಮವನ್ನು ಮೊದಲು ನೋಡಿಕೊಳ್ಳಿ.